ಹಿಂದಿನ ಸೀಟಿಲ್ಲದ ಕಾರು

“ಗುರುಗಳೇ, ಒಂಬತ್ತು ವರ್ಷ ನಿಮ್ಮ ಮುಂದೆ ಕುಳಿತಿದ್ದೇನೆ. ನಾನು ಇಲ್ಲಿ ನೋಡಬೇಕಾದ್ದು ಇನ್ನೇನು ಉಳಿದಿದೆ?”

ಹೀಗೆ ಕೇಳುವಾಗಲೂ ಶಿಷ್ಯನ ತಲೆ ವಾಡಿಕೆಯಂತೆ ತಗ್ಗಿತ್ತು. ಪಕ್ಕದ ಊರಿನವರು ತಮ್ಮ ಮಠಕ್ಕೆ ಗುರುವಾಗಿ ಬಾ ಎಂದು ಅವನನ್ನು ಕರೆದಿದ್ದರು. ಗುರುವಿನ ಒಪ್ಪಿಗೆ ಒಂದೇ ಬಾಕಿ. ಗಂಟನ್ನು ಅವನು ಬೆಳಿಗ್ಗೆಯೇ ಕಟ್ಟಿ ಬಾಗಿಲ ಹಿಂದೆ ಇಟ್ಟಿದ್ದ.

ಗುರು ನೀರಿಗೆಂದು ಕೈ ಚಾಚಿದರು. ಶಿಷ್ಯ ಅವರ ಬಲಗಡೆ ಇಟ್ಟಿದ್ದ ಲೋಟ ಕೈ ತಗುಲಿ ಉರುಳಿತು. ಶಿಷ್ಯ ನೆಲ ಒರೆಸಿದ. ಮತ್ತೆ ನೀರು ತುಂಬಿ ಅದೇ ಜಾಗದಲ್ಲಿ ಇಟ್ಟ. ವಾರಕ್ಕೆ ಮೂರು ಸಲ ಹೀಗಾಗುತ್ತಿತ್ತು. ಗುರುಗಳಿಗೆ ವಯಸ್ಸಾಯಿತು ಎಂದು ಅವನು ತಿಳಿದಿದ್ದ.

“ಹೋಗುವುದಿದ್ದರೆ ಹೋಗು. ಅದಕ್ಕೆ ಮೊದಲು ಒಂದು ಕತೆ ಕೇಳು,” ಎಂದು ಗುರು ಶುರುಮಾಡಿದರು.

ಕಡಲ ತೀರದ ಒಂದು ಊರಿನಲ್ಲಿ ಒಬ್ಬ ಕೊಡೆ ವರ್ತಕನಿದ್ದ. ಆ ಸೀಮೆಯಲ್ಲಿ ವರ್ಷಕ್ಕೆ ನಾಲ್ಕು ತಿಂಗಳು ಮಳೆ. ಆದ್ದರಿಂದ ಅವನು ನಾಲ್ಕು ತಿಂಗಳು ದುಡಿದು ಎಂಟು ತಿಂಗಳು ಶ್ರೀಮಂತನಾಗಿರುತ್ತಿದ್ದ.

ಅವನಿಗೆ ಒಂದು ದೊಡ್ಡ ಕಪ್ಪು ಕಾರಿತ್ತು, ಅದಕ್ಕೊಬ್ಬ ಚಾಲಕನಿದ್ದ. ಹತ್ತೊಂಬತ್ತು ವರ್ಷದಲ್ಲಿ ಕಾರು ಮೂರು ಸಲ ಬದಲಾಗಿತ್ತು, ಚಾಲಕ ಬದಲಾಗಿರಲಿಲ್ಲ. ಬೆಳಿಗ್ಗೆ ಚಾಲಕ ತಲೆ ತಗ್ಗಿಸಿ ಹಿಂದಿನ ಎಡಬಾಗಿಲು ತೆರೆಯುತ್ತಿದ್ದ. ವರ್ತಕ ಫೋನು ಕಿವಿಗಿಟ್ಟುಕೊಂಡು ಹತ್ತುತ್ತಿದ್ದ. ಸಂಜೆ ಚಾಲಕ ತಲೆ ತಗ್ಗಿಸಿ ಅದೇ ಬಾಗಿಲು ತೆರೆಯುತ್ತಿದ್ದ. ವರ್ತಕ ಫೋನು ಕಿವಿಗಿಟ್ಟುಕೊಂಡು ಇಳಿಯುತ್ತಿದ್ದ. ಚಾಲಕನ ಕತ್ತಿನ ಹಿಂಭಾಗ ಅವನಿಗೆ ಬಾಯಿಪಾಠವಾಗಿತ್ತು. ಎರಡು ಮಡಿಕೆ, ಒಂದು ಮಚ್ಚೆ. ನೂರು ಕತ್ತುಗಳನ್ನು ಸಾಲಾಗಿ ನಿಲ್ಲಿಸಿದ್ದರೂ ಅವನು ತನ್ನ ಚಾಲಕನನ್ನು ಗುರುತಿಸುತ್ತಿದ್ದ.

ಚಾಲಕನ ಮೇಲೆ ಅವನಿಗೆ ಇದ್ದದ್ದು ಒಂದೇ ದೂರು. ಮುಂದಿನ ಎಡಗಡೆಯ ಗಾಜನ್ನು ಆತ ಯಾವಾಗಲೂ ನಾಲ್ಕು ಬೆರಳು ಇಳಿಸಿ ಇಡುತ್ತಿದ್ದ.

“ಏಸಿ ಹಾಕಿಸಿದ್ದು ಊರೆಲ್ಲ ತಣ್ಣಗಾಗಲಿ ಅಂತಲೇನೋ?” ಎಂದು ವರ್ತಕ ಗದರುತ್ತಿದ್ದ.

ಚಾಲಕ ಗಾಜು ಏರಿಸುತ್ತಿದ್ದ. ಒಂದು ಮೈಲಿ ಕಳೆಯುವಷ್ಟರಲ್ಲಿ ಅದು ಮತ್ತೆ ನಾಲ್ಕು ಬೆರಳು ಇಳಿದಿರುತ್ತಿತ್ತು. ಕೆಲಸದವರಲ್ಲಿ ಒಂದೊಂದು ಹಠ ಇರುತ್ತದೆ, ಅದನ್ನು ಸಹಿಸಿಕೊಳ್ಳುವುದೇ ದೊಡ್ಡತನ ಎಂದು ವರ್ತಕ ಹೆಂಡತಿಗೆ ಹೇಳುತ್ತಿದ್ದ.

ಅವನಿಗೆ ಬೇರೊಂದು ಕೊರಗಿತ್ತು. ಇಷ್ಟು ಶ್ರೀಮಂತನಾಗಿ ಇಷ್ಟು ದೊಡ್ಡ ಕಾರಿನಲ್ಲಿ ಓಡಾಡಿದರೂ ಹಿಂದೆ ಕುಳಿತವನು ಊರಿಗೆ ಕಾಣುವುದಿಲ್ಲ. ಒಂದು ದಿನ ಹಲ್ಲಿನ ಡಾಕ್ಟರ ಬಳಿ ಕಾಯುತ್ತ ಕುಳಿತಾಗ ಪತ್ರಿಕೆಯೊಂದರಲ್ಲಿ ಚಾವಣಿ ತೆರೆಯುವ ಕಾರಿನ ಚಿತ್ರ ಕಂಡಿತು. ಕುಳಿತವರು ತಲೆಯಿಂದ ಸೊಂಟದ ತನಕ ಕಾಣುತ್ತಿದ್ದರು. ಹಲ್ಲು ಕೀಳಿಸಿಕೊಂಡವನು ನೇರವಾಗಿ ಕಾರಿನ ಅಂಗಡಿಗೆ ಹೋದ.

ಕಾರು ಬಂಗುಡೆ ಮೀನಿನ ಬೆನ್ನಿನ ನೀಲಿ ಬಣ್ಣದ್ದು. ಬಾಣಲೆಗೆ ಹಾಕಿದ ಬಂಗುಡೆಯ ಹಾಗೆಯೇ ನೆಲಕ್ಕೆ ಅಂಟಿಕೊಂಡಿತ್ತು. ಮೂತಿ ಉದ್ದ, ಹಿಂಭಾಗ ಗಿಡ್ಡ. ಅಂಗಡಿಯ ಮಾರಾಟಗಾರ ಗುಂಡಿ ಒತ್ತಿದ. ಚಾವಣಿ ಮೇಲೆದ್ದು, ಮೂರಾಗಿ ಮಡಚಿಕೊಂಡು, ಡಿಕ್ಕಿಯೊಳಗೆ ಮಲಗಿತು. ಮತ್ತೆ ಒತ್ತಿದ. ಎದ್ದು ಬಂದು ಮುಚ್ಚಿಕೊಂಡಿತು.

ವರ್ತಕ ಬಾಯಿ ಬಿಟ್ಟುಕೊಂಡು ನಿಂತ. ಕಡ್ಡಿ, ಬಟ್ಟೆ, ಗುಂಡಿ. ಇದು ಕೊಡೆ! ಅವನು ಹುಟ್ಟಿದಂದಿನಿಂದ ಕಂಡ ಕೊಡೆಗಳಲ್ಲೆಲ್ಲ ದೊಡ್ಡ ಕೊಡೆ. ಅವನು ಬಟ್ಟೆಯನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿದ. ಹೊಲಿಗೆಯ ಮೇಲೆ ಉಗುರು ಎಳೆದ. ಕಡ್ಡಿಗಳನ್ನು ಎಣಿಸಿದ.

“ಸರ್, ಎಂಜಿನ್ ಬಗ್ಗೆ ಹೇಳಲೇ?” ಎಂದ ಮಾರಾಟಗಾರ.

“ಕೀಲುಗಳಿಗೆ ತುಕ್ಕು ಹಿಡಿಯುತ್ತದೆಯೇ?”

“ಇಲ್ಲ ಸರ್. ಒಳಗೆ ಒಮ್ಮೆ ಕೂತು ನೋಡಿ, ಸರ್.”

“ಬಟ್ಟೆ ಎಷ್ಟು ಪದರ?”

ಒಂದು ಗಂಟೆಯ ಕಾಲ ಅವನು ಚಾವಣಿಯ ಬಗ್ಗೆ ನಲವತ್ತು ಪ್ರಶ್ನೆ ಕೇಳಿದ. ಚಾವಣಿಯ ಕೆಳಗೆ ಏನಿದೆ ಎಂದು ಒಂದೂ ಕೇಳಲಿಲ್ಲ. ಮನೆ ಕೊಳ್ಳುವವನು ನೆಲ ಇದೆಯೇ ಎಂದು ಕೇಳುವುದಿಲ್ಲ.

ಕೊನೆಗೆ ಮಾರಾಟಗಾರ, “ಸರ್, ಒಂದು ಮಾತು. ಇದು ಸ್ವತಃ ಓಡಿಸುವವರ ಕಾರು,” ಎಂದ.

“ಓಡಿಸುವವನು ನಮ್ಮಲ್ಲಿದ್ದಾನೆ,” ಎಂದ ವರ್ತಕ. ಅವನಿಗೆ ಓಡಿಸಲು ಬರುತ್ತಿರಲಿಲ್ಲ. ಮಾರಾಟಗಾರನಿಗೆ ಹೇಳುವುದು ಇನ್ನೂ ಸ್ವಲ್ಪ ಇತ್ತು. ಆದರೆ ಅವನು ಆ ತಿಂಗಳು ಒಂದು ಕಾರನ್ನೂ ಮಾರಿರಲಿಲ್ಲ. ಸುಮ್ಮನಾದ.

ಕಪ್ಪು ಕಾರನ್ನು ಬದಲಿಗೆ ಕೊಟ್ಟಾಯಿತು, ನೀಲಿ ಕಾರು ಮನೆಗೆ ಬಂತು. ಹಾರ ಹಾಕಿದರು, ಚಕ್ರದಡಿ ನಿಂಬೆಹಣ್ಣು ಇಟ್ಟರು. ವರ್ತಕ ಹೊಸ ಅಂಗಿ ತೊಟ್ಟು ಬಂದು, ಹಿಂದಿನ ಎಡಬಾಗಿಲ ಕಡೆ ಕೈ ಚಾಚಿದ. ಕೈಗೆ ಗಾಳಿ ಸಿಕ್ಕಿತು. ಅಲ್ಲಿ ಬಾಗಿಲಿರಲಿಲ್ಲ. ಬಗ್ಗಿ ನೋಡಿದ. ಸೀಟೂ ಇರಲಿಲ್ಲ.

“ಹಿಂದಿನ ಸೀಟು ಎಲ್ಲಿ?” ಎಂದ. ಯಾರೋ ಬಿಚ್ಚಿಕೊಂಡು ಹೋಗಿದ್ದಾರೆ ಎಂಬಂತಿತ್ತು ಅವನ ದನಿ.

“ಇದಕ್ಕೆ ಇಲ್ಲ, ಧಣಿ. ಇರುವುದು ಎರಡೇ,” ಎಂದ ಚಾಲಕ, ನೆಲ ನೋಡುತ್ತ.

“ಹಾಗಾದರೆ ನಾನೆಲ್ಲಿ ಕೂರಲಿ?” ಎಂದಳು ರೇಷ್ಮೆ ಸೀರೆ ಉಟ್ಟು ಬಂದಿದ್ದ ಹೆಂಡತಿ. “ಡಿಕ್ಕಿಯಲ್ಲೋ?”

“ಡಿಕ್ಕಿಯಲ್ಲಿ ಚಾವಣಿ ಇದೆ,” ಎಂದ ವರ್ತಕ.

ಹೆಂಡತಿ ಒಳಗೆ ಹೋದಳು. ವರ್ತಕ ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಚಾಲಕನ ಪಕ್ಕದಲ್ಲಿ ಕುಳಿತ. ಕುಳಿತ ಎನ್ನುವುದಕ್ಕಿಂತ ಬಾವಿಗೆ ಇಳಿದ ಎನ್ನಬೇಕು. ಸೀಟು ಅಷ್ಟು ತಗ್ಗು. ಎದುರಿಗೆ ನಿಂತ ಲಾರಿಯ ಚಕ್ರ ಅವನ ಕಣ್ಣಿನ ಮಟ್ಟಕ್ಕೆ ಬಂತು.

ಕಾರು ಹೊರಟಿತು. ಎಂಜಿನ್ನಿನ ಗುಡುಗು ಬೆನ್ನುಮೂಳೆಯಲ್ಲಿ ಕೇಳಿಸಿತು. ರಸ್ತೆಯ ಒಂದೊಂದು ಕಲ್ಲೂ ಬಂದು ತನ್ನ ಪರಿಚಯ ಹೇಳಿಕೊಂಡು ಹೋಯಿತು. ಗಾಳಿ ಅವನ ಕೂದಲನ್ನು ಇದ್ದ ಜಾಗದಿಂದ ಇಲ್ಲದ ಜಾಗಕ್ಕೆ ತಳ್ಳಿತು. ಆದರೂ ಅವನು ಎದೆ ಉಬ್ಬಿಸಿ ಕುಳಿತ. ಊರು ನೋಡುತ್ತಿತ್ತು.

ಊರು ಚಾಲಕನನ್ನು ನೋಡುತ್ತಿತ್ತು. ಇಂಥ ಕಾರಿನಲ್ಲಿ ಸ್ಟಿಯರಿಂಗ್ ಹಿಡಿದವನೇ ಯಜಮಾನ ಎಂದು ಎಲ್ಲರಿಗೂ ಗೊತ್ತು, ವರ್ತಕನೊಬ್ಬನಿಗೆ ಗೊತ್ತಿರಲಿಲ್ಲ. ಟ್ರಾಫಿಕ್ ಪೊಲೀಸ್ ಚಾಲಕನಿಗೆ ಸಲಾಮು ಹೊಡೆದ. ಬೈಕಿನ ಹುಡುಗರು ಬಲಗಡೆ ಬಂದು, “ಕಾರು ಸೂಪರ್, ಅಣ್ಣಾ! ಪಕ್ಕದಲ್ಲಿ ಯಾರು, ಮ್ಯಾನೇಜರಾ?” ಎಂದು ಕೂಗಿದರು.

ವರ್ತಕನ ಮೈ ಉರಿಯಿತು. ಬೈಯಲೆಂದು ಚಾಲಕನ ಕಡೆ ತಿರುಗಿದ.

ಅಲ್ಲಿ ಯಾರೋ ಒಬ್ಬ ಮುದುಕ ಕುಳಿತಿದ್ದ.

ಮೀಸೆ ಬೆಳ್ಳಗಾಗಿತ್ತು. ಕೆನ್ನೆ ಒಳಕ್ಕೆ ಹೋಗಿತ್ತು. ಕತ್ತಿನ ಮಚ್ಚೆ ಇದ್ದಲ್ಲೇ ಇದ್ದುದರಿಂದ ಮನುಷ್ಯ ಅವನೇ ಎಂದು ವರ್ತಕ ನಂಬಿದ. ಆಮೇಲೆ ಕಣ್ಣು ಕಂಡಿತು. ಎಡಗಣ್ಣು. ಅದರ ತುಂಬ ಬಿಳಿ ಹೂ ಬಿದ್ದಿತ್ತು. ಬೆಂದ ಮೀನಿನ ಕಣ್ಣಿನಂತೆ ಅದು ವರ್ತಕನ ಕಡೆಗೇ ತಿರುಗಿತ್ತು, ಅವನನ್ನು ನೋಡುತ್ತಿರಲಿಲ್ಲ.

ಅವನು ಬಾಯಿ ತೆರೆಯುವಷ್ಟರಲ್ಲಿ ಚಾಲಕ ಮೆಲ್ಲಗೆ ಬ್ರೇಕು ಒತ್ತಿದ. ಎಡಗಡೆಯ ಓಣಿಯಿಂದ ಮೀನಿನ ಬುಟ್ಟಿ ಹೊತ್ತ ಸ್ಕೂಟರೊಂದು ಹಾರ್ನ್ ಇಲ್ಲದೆ ನುಗ್ಗಿ, ಕಾರಿನ ಮೂತಿಯ ಮುಂದೆ ಹಾದುಹೋಯಿತು.

“ನಿನ್ನ ಕಣ್ಣಿಗೆ ಏನಾಯಿತೋ?”

“ಯಾವಾಗ, ಧಣಿ?”

“ಯಾವಾಗ ಎಂದರೆ? ಈಗ!”

“ಈಗ ಏನೂ ಆಗಿಲ್ಲ, ಧಣಿ. ಆದದ್ದು ಎಂಟು ವರ್ಷದ ಹಿಂದೆ.”

ಎಂಟು ವರ್ಷ. ಮಗಳನ್ನು ಗಂಡನ ಮನೆಗೆ ಕಳಿಸಿದ್ದು ಇದೇ ಕಣ್ಣಿನ ಭರವಸೆಯಲ್ಲಿ. ಮುರಿದ ಸೊಂಟದ ತಾಯಿಯನ್ನು ಆಸ್ಪತ್ರೆಗೆ ಒಯ್ದದ್ದು ಇದೇ ಕಣ್ಣಿನ ಭರವಸೆಯಲ್ಲಿ. ಘಾಟಿಯ ಹನ್ನೊಂದು ತಿರುವುಗಳಲ್ಲಿ ತಾನು ಬಾಯಿ ತೆರೆದು ನಿದ್ದೆ ಮಾಡಿದ್ದ.

“ಮತ್ತೆ ಈಗ ಆ ಸ್ಕೂಟರು ಹೇಗೆ ಕಂಡಿತು?”

“ಕಾಣಲಿಲ್ಲ, ಧಣಿ. ಕೇಳಿಸಿತು. ಎಡಗಡೆಯದು ನನಗೆ ಕೇಳಿಸುವುದಷ್ಟೇ. ಹಳೆಯ ಕಾರಿನಲ್ಲಿ ಗಾಜು ಇಳಿಸಿದರೆ ಅಷ್ಟಿಷ್ಟು ಕೇಳುತ್ತಿತ್ತು. ಇದನ್ನು ಮಾಡಿದವನು ಪುಣ್ಯಾತ್ಮ. ಇದರ ಸದ್ದು ಇದರ ಹಿಂದೆ ಹೋಗುತ್ತದೆ, ಊರಿನ ಸದ್ದು ಎಲ್ಲಾ ಕಡೆಯಿಂದ ಬರುತ್ತದೆ. ನಾನು ಇಷ್ಟು ಧೈರ್ಯವಾಗಿ ಓಡಿಸಿ ಎಂಟು ವರ್ಷವಾಯಿತು.”

ನಾಲ್ಕು ಬೆರಳು ಗಾಜು. ವರ್ತಕ ಅದನ್ನು ಎಷ್ಟು ಸಲ ಗದರಿ ಮುಚ್ಚಿಸಿದ್ದ!

“ಹೇಳಬಾರದಿತ್ತೇನೋ?”

“ಹೇಳಿದ್ದೆ, ಧಣಿ. ಕೊಡೆಯ ಕಟ್ಟು ಇಳಿಸುವಾಗ ಕಡ್ಡಿ ಚುಚ್ಚಿತು. ಕಣ್ಣಿನ ಆಸ್ಪತ್ರೆಗೆ ಹೋಗಬೇಕು, ಎರಡು ದಿನ ರಜೆ ಕೊಡಿ ಅಂದೆ. ಮಳೆಗಾಲ ಮುಗಿಯಲಿ ಅಂದಿರಿ.”

“ನಾನೇ?”

“ಫೋನಿನಲ್ಲಿದ್ದಿರಿ. ಆದರೂ ಅಂದಿರಿ. ಮಳೆಗಾಲ ಮುಗಿದ ಮೇಲೆ ಹೋದೆ. ತಡವಾಯಿತು ಅಂದರು.”

ವರ್ತಕ ಕಾರು ನಿಲ್ಲಿಸಲು ಹೇಳಿದ. ಅಲ್ಲಿ ರಸ್ತೆಯ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ. ಮೇಲೆ ಚಾವಣಿಯೂ ಇಲ್ಲ. ಮುಖ ತಿರುಗಿಸಿಕೊಂಡು ನೋಡಲು ಜಾಗ ಬೇಕಾದಷ್ಟಿತ್ತು. ಅವನು ಕಡಲು ನೋಡಿದ.

“ಇನ್ನು ಬೇಡ ಅನ್ನುತ್ತೀರೇನೋ,” ಎಂದ ಚಾಲಕ. “ಮಗಳ ಕಾಲೇಜು ಒಂದು ವರ್ಷ ಬಾಕಿ ಇದೆ, ಧಣಿ. ಅದೊಂದು ಮುಗಿಯಲಿ.”

ವರ್ತಕನಿಗೆ ಓಡಿಸಲು ಬರುವುದಿಲ್ಲ. ಮನೆ ಹತ್ತು ಕಿಲೋಮೀಟರು ದೂರ. ಕಡೆಗೆ ಅದೇ ಕೈ, ಅದೇ ಕಣ್ಣು ನಂಬಿ ಹೊರಟ. ದಾರಿಯುದ್ದಕ್ಕೂ ಡ್ಯಾಶ್‌ಬೋರ್ಡನ್ನು ಎರಡೂ ಕೈಯಿಂದ ಹಿಡಿದುಕೊಂಡು, “ಎಡಗಡೆ ಬೈಕು... ಎಡಗಡೆ ನಾಯಿ... ಎಡಗಡೆ ಹೆಂಗಸು, ಹೆಂಗಸು!” ಎಂದು ಕೂಗುತ್ತ ಬಂದ. ಅವನು ಕೂಗುವ ಮೊದಲೇ ಕಾರು ನಿಧಾನವಾಗುತ್ತಿತ್ತು.

ಮನೆ ಮುಟ್ಟಿದಾಗ ಚಾಲಕ ಬಂದು ತಲೆ ತಗ್ಗಿಸಿ ಬಾಗಿಲು ತೆರೆದ. ವರ್ತಕನೂ ತಲೆ ತಗ್ಗಿಸಿ ಇಳಿದ.

ಮರುವಾರ ಅವನು ಆ ಕಾರನ್ನು ಅಂಗಡಿಗೆ ಹಿಂದಿರುಗಿಸಿದ.

“ಏನು ತೊಂದರೆ, ಸರ್?” ಎಂದ ಮಾರಾಟಗಾರ.

“ಕಾರಿಗೇನೂ ಆಗಿಲ್ಲ. ಅದರಲ್ಲಿ ಕೂತರೆ ಬಹಳ ಕಾಣುತ್ತದೆ.”

ಹಿಂದಿನ ಸೀಟಿರುವ ಕಾರು ಕೊಂಡ. ಹೊಸ ಚಾಲಕನನ್ನು ಇಟ್ಟ. ಮೊದಲ ದಿನ ಅವನನ್ನು ಬಿಸಿಲಿಗೆ ನಿಲ್ಲಿಸಿ, ಎರಡೂ ಕಣ್ಣುಗಳ ರೆಪ್ಪೆ ಎತ್ತಿ ನೋಡಿದ. ಆಮೇಲೆ ಫೋನು ಕಿವಿಗಿಟ್ಟುಕೊಂಡು ಹಿಂದೆ ಕುಳಿತ. ಎಡಗಡೆಯ ಗಾಜು ಪೂರ್ತಿ ಏರಿತ್ತು. ಹೊಸ ಕತ್ತು ಬಾಯಿಪಾಠವಾಗಲು ಒಂದು ತಿಂಗಳು ಹಿಡಿಯಿತು.

ಗುರು ನಿಲ್ಲಿಸಿದರು.

“ಹಳೆಯ ಚಾಲಕ?” ಎಂದ ಶಿಷ್ಯ.

“ಅವನನ್ನು ಕೈಬಿಡಲಿಲ್ಲ. ತಾನು ಎಂದೂ ಕಾಲಿಡದ ಗೋದಾಮಿನಲ್ಲಿ ಒಂದು ಕೆಲಸ ಕೊಟ್ಟ. ಬಂದ ಕೊಡೆಗಳನ್ನು ಒಂದೊಂದಾಗಿ ಬಿಚ್ಚಿ, ಕಡ್ಡಿ ನೆಟ್ಟಗಿದೆಯೇ ಎಂದು ಕಣ್ಣಿನ ಹತ್ತಿರ ಹಿಡಿದು ನೋಡುವ ಕೆಲಸ.”

ಶಿಷ್ಯನ ಕಿವಿ ಕೆಂಪಾಯಿತು. “ಎಂಥ ಮನುಷ್ಯ, ಗುರುಗಳೇ! ಹತ್ತೊಂಬತ್ತು ವರ್ಷ! ಕೈಯಳತೆಯಲ್ಲಿ ಕುಳಿತಿದ್ದವನ ಮುಖವನ್ನು ಒಂದು ಸಲವೂ ನೋಡಲಿಲ್ಲವಲ್ಲ. ಇಂಥ ಕುರುಡರೂ ಇರುತ್ತಾರೆಯೇ?”

ಅಡುಗೆಯ ಅಜ್ಜಿ ಒಳಗಿನಿಂದ ಬಂದಳು. ನೀರಿನ ಲೋಟವನ್ನು ಗುರುವಿನ ಬಲಗಡೆಯಿಂದ ಎತ್ತಿ ಎಡಗಡೆ ಇಟ್ಟು ಹೋದಳು. ಗುರು ಲೋಟ ತೆಗೆದುಕೊಂಡು ನೀರು ಕುಡಿದರು. ಒಂದು ಹನಿಯೂ ಚೆಲ್ಲಲಿಲ್ಲ. ತಗ್ಗಿದ ತಲೆಯ ಶಿಷ್ಯನಿಗೆ ಅಜ್ಜಿಯ ಕೈ ಕಂಡಿತು, ಲೋಟ ಕಂಡಿತು, ಗುರುವಿನ ಪಾದ ಕಂಡಿತು. ಅವನು ಒಪ್ಪಿಗೆಗಾಗಿ ಕಾದ.

“ತಲೆ ಎತ್ತಬೇಡ, ಹಾಗೆಯೇ ಹೇಳು,” ಎಂದರು ಗುರು. “ನನ್ನ ಯಾವ ಕಣ್ಣು ಕಾಣುವುದಿಲ್ಲ?”