ತಿಜೋರಿಯಲ್ಲಿಟ್ಟ ಬೊಂಡಾಸು

ಜಟ್ಟಿ ಅಂಬಿಗ ಹೊಳೆ ಕಡಲಿಗೆ ಸೇರುವ ಅಳಿವೆಯ ದಡದಲ್ಲಿ ಒಂದು ಚಪ್ಪರದ ಕೆಳಗೆ ಕೂತು ಪ್ಲಾಸ್ಟಿಕ್ ಬೊಂಡಾಸು ಮಾಡುತ್ತಿದ್ದ.

ಬೊಂಡಾಸಿನ ಮೈ ಕೊಳವೆ, ಕಾಲು ಎಳೆ ಎಳೆ. ಕಡಲಿನ ಈ ಜೀವಿಯನ್ನು ಕಂಡರೆ ದೊಡ್ಡ ಮೀನಿಗೆ ತಡೆಯಲಾಗದು. ಜಟ್ಟಿ ಮಾಡುತ್ತಿದ್ದದ್ದು ಮೀನನ್ನು ಮರುಳು ಮಾಡುವ ಸುಳ್ಳು ಬೊಂಡಾಸು.

ಕಾಯಿಸಿದ ಪ್ಲಾಸ್ಟಿಕ್ಕಿನೊಳಗೆ ಉಕ್ಕಿನ ಕೋಲು ಅದ್ದಿ ಎತ್ತಬೇಕು. ಆರಿದ ಮೇಲೆ ಕೋಲಿನಿಂದ ಸುಲಿಯಬೇಕು. ತುದಿ ಸೀಳಿ ಕಾಲು ಮಾಡಬೇಕು. ಹೊಟ್ಟೆಯೊಳಗೆ ಗಾಳ ಅಡಗಿಸಬೇಕು. ಇಷ್ಟೇ ವಿದ್ಯೆ.

ಇಷ್ಟನ್ನು ಕಲಿಯಲು ಬಂದವರು ಅವನನ್ನು ಗುರು ಎಂದರು. ಹೆಚ್ಚಿನವರು ಕಾದ ಪ್ಲಾಸ್ಟಿಕ್ಕಿನ ವಾಸನೆಗೆ ಹೆದರಿ ಬಂದ ದಾರಿಯಲ್ಲೇ ತಿರುಗಿದರು.

ಪುರುಷೋತ್ತಮ ಶೇಟ್ ಮಾತ್ರ ಉಳಿದ. ಅವನು ಅಕ್ಕಸಾಲಿ. ತಲೆ ನರೆತ ಮೇಲೆ ಅಂಗಡಿ ಮುಚ್ಚಿ ಬಂದವನು.

“ಶೇಟ್ರು ಚಿನ್ನ ಬಿಟ್ಟು ಪ್ಲಾಸ್ಟಿಕ್ಕಿಗೆ ಯಾಕೆ ಬಂದ್ರಿ?” ಗುರು ಕೇಳಿದ.

“ಕರಗಿಸಿ ಸಾಕಾಯ್ತು, ಗುರುಗಳೇ. ನಾನು ಮಾಡಿದ ಸರವನ್ನೇ ಮತ್ತೆ ತಂದು, ಕರಗಿಸಿ ಬಳೆ ಮಾಡು ಅಂತಾರೆ. ನನ್ನ ಹೆಂಡತಿ ಬಳೆಯನ್ನೂ ಅವಳು ಹೋದ ಮೇಲೆ ನಾನೇ ಕರಗಿಸಿ ಮಗಳಿಗೆ ಓಲೆ ಮಾಡ್ದೆ. ಇಷ್ಟು ವರ್ಷ ದುಡಿದ ಕೈ ಇದು. ಇದರ ಕೆಲಸ ಅಂತ ತೋರಿಸೋಕೆ ಮನೆಯಲ್ಲಿ ಒಂದು ಚೂರೂ ಇಲ್ಲ. ಮಾಡಿದ್ದು ಮಾಡಿದ ಹಾಗೇ ನನ್ನ ಹತ್ರ ಇರ್ಬೇಕು. ಅಷ್ಟೇ ಆಸೆ.”

ಗುರು ಮೂಗಿಗೆ ಕಟ್ಟಿಕೊಳ್ಳಲು ಒಂದು ಬಟ್ಟೆ ಕೊಟ್ಟ.

ಶೇಟ್ ಮೊದಲ ಸಲ ಕೋಲನ್ನು ಸರಕ್ಕನೆ ಎತ್ತಿದ. ಕೊಳವೆಯ ಮೈತುಂಬ ಗುಳ್ಳೆ ಎದ್ದವು.

“ಎಷ್ಟು ನಿಧಾನ ಎತ್ತಬೇಕು, ಗುರುಗಳೇ?”

“ನಿದ್ದೆ ಹೋದ ಮಗುವಿನ ಕೈಯಿಂದ ಆಟಿಕೆ ಬಿಡಿಸ್ತೀರಲ್ಲ, ಹಾಗೆ.”

ಅಕ್ಕಸಾಲಿಯ ಕೈ. ಬೇಗ ಹತೋಟಿಗೆ ಬಂತು. ಸ್ವಲ್ಪ ದಿನದಲ್ಲಿ ಅವನ ಬೊಂಡಾಸು ಗುರುವಿನದಕ್ಕಿಂತ ನಯವಾಯಿತು. ಹಸಿರು, ನೀಲಿ, ಕೆಂಪು ಎಂದು ಬಣ್ಣ ಬೆರೆಸಿದ. ಚಿನ್ನದ ಬಣ್ಣದ ಪುಡಿ ಹಾಕಿದ. ಸಣ್ಣ ಕುಂಚ ತಂದು ಕಣ್ಣೂ ಬರೆದ.

“ಈ ಕಣ್ಣು ಯಾರಿಗೆ?”

“ಮೀನಿಗೆ.”

“ಯಾವ ಮೀನಾದ್ರೂ ನೋಡ್ತಾ?”

“ಇನ್ನೂ ಇಲ್ಲ.”

“ಕೂಸು ಹುಟ್ಟೋ ಮೊದ್ಲೇ ಕುಲಾವಿ” ಎಂದು ಗುರು ಎಲೆಯಡಿಕೆ ಬಾಯಿಗೆ ಹಾಕಿಕೊಂಡ.

ಮೀನು ನೋಡುವುದಾದರೂ ಹೇಗೆ? ಶೇಟ್ ಚೆನ್ನಾಗಿ ಬಂದದ್ದನ್ನೆಲ್ಲ ಮನೆಗೆ ಒಯ್ಯುತ್ತಿದ್ದ. ಹಿಂದೆ ಮೂಗುತಿ ಇಡುತ್ತಿದ್ದ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಂದಿತ್ತು. ಎಲ್ಲವನ್ನೂ ಅದರಲ್ಲಿಟ್ಟು, ಡಬ್ಬಿಯನ್ನು ಅಂಗಡಿಯಿಂದ ತಂದ ತಿಜೋರಿಯೊಳಗೆ ಇಟ್ಟು ಬೀಗ ಹಾಕುತ್ತಿದ್ದ. ಗುರುವಿನ ಬೊಂಡಾಸುಗಳೋ, ತೊಳೆದ ಹಾಲಿನ ಪ್ಯಾಕೆಟ್ಟುಗಳಲ್ಲಿ, ಒಂದೊಂದು ಬಣ್ಣ ಒಂದೊಂದರಲ್ಲಿ, ಚಪ್ಪರದ ಮೊಳೆಗೆ ನೇತಾಡುತ್ತಿದ್ದವು. ಶೇಟ್‌ಗೆ ಅದನ್ನು ಕಂಡರೆ ಅಯ್ಯೋ ಅನಿಸುತ್ತಿತ್ತು.

ಸಂಜೆ ಗಾಳ ಎಸೆಯಲು ಅವನು ಒಯ್ಯುತ್ತಿದ್ದದ್ದು ಗುಳ್ಳೆ ಬಂದವು, ಕಾಲು ಹರಿದವು. ಅವನ್ನೂ ಎಸೆಯುತ್ತಿದ್ದದ್ದು ಬರೀ ಮರಳಿರುವ ಕಡೆ. ಅಲ್ಲಿ ಗಾಳ ಸಿಕ್ಕಿಕೊಳ್ಳುವುದಿಲ್ಲ.

ತಿರುಗಿ ಬಂದಾಗ ಗುರು ದಿನಾ ಒಂದೇ ಪ್ರಶ್ನೆ ಕೇಳುತ್ತಿದ್ದ.

“ಇವತ್ತು ಎಷ್ಟು ಹೋದ್ವು?”

“ಒಂದೂ ಹೋಗ್ಲಿಲ್ಲ, ಗುರುಗಳೇ” ಎಂದು ಶೇಟ್ ಹೆಮ್ಮೆಯಿಂದ ಹೇಳುತ್ತಿದ್ದ.

“ಮೀನು?”

“ಅದೂ ಇಲ್ಲ.”

ಗುರುವಿನ ಕೈ ನಡುಗತೊಡಗಿತ್ತು. ನಡುಗುವ ಕೈ ಎತ್ತಿದ ಕೊಳವೆ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಅದು ನೀರಿನಲ್ಲಿ ನೆಟ್ಟಗೆ ಇಳಿಯುವುದಿಲ್ಲ.

“ಈ ಮಳೆಗಾಲ ಕಳೆದ ಮೇಲೆ ನಾನು ಅದ್ದೋದಿಲ್ಲ” ಎಂದ ಗುರು. “ಯಾರಿಗಾದ್ರೂ ಕೊಟ್ರೆ ಕೋಲು ಉಳೀತು. ಇಲ್ಲಾಂದ್ರೆ ಹೊಳೆಗೆ.”

ಶೇಟ್ ಕೋಲನ್ನು ನೋಡಿದ. ಗುರುವಿನ ಬೆರಳು ಸವರಿ ಸವರಿ ಅದು ಕನ್ನಡಿಯಾಗಿತ್ತು. ಅಂಥ ನುಣುಪು ಅಂಗಡಿಯಲ್ಲಿ ಸಿಗುವುದಿಲ್ಲ. ಅದು ತನಗೇ ಬೇಕು ಅನಿಸಿತು. ಬಹಳ ಬೇಕು ಅನಿಸಿತು.

“ನನಗೆ ಕೊಡ್ತೀರಾ?”

“ಹೊಳೆ ಹೇಳಿದ್ರೆ.”

“ಹೊಳೆ ಎಂತ ಹೇಳ್ಬೇಕು?”

“ನಾನು ದಿನಾ ಕೇಳ್ತೇನಲ್ಲ.”

ಶೇಟ್ ತನಗೆ ಅರ್ಥವಾಯಿತು ಎಂದುಕೊಂಡ. ಒಂದೂ ಕಳೆಯಬಾರದು, ಅದೇ ಪರೀಕ್ಷೆ. ಅಂದಿನಿಂದ ಮರಳಿನ ಕಡೆಗೆ ಎಸೆಯುವುದನ್ನೂ ಬಿಟ್ಟ.

ಮಳೆ ಹಿಡಿಯಿತು. ಅಳಿವೆ ಕೆಂಪಾಗಿ ಹರಿಯಿತು. ಚಪ್ಪರದ ಒಲೆ ಆರಿತು. ಡಬ್ಬಿ ತಿಜೋರಿಯ ಕತ್ತಲೆಯಲ್ಲಿ ಕೂತಿತು.

ಬಿಸಿಲು ಬಂದ ಮೇಲೆ ಶೇಟ್ ತೊಳೆದ ಪಂಚೆ ಉಟ್ಟು, ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಚಪ್ಪರಕ್ಕೆ ಬಂದ.

“ನೋಡಿ, ಗುರುಗಳೇ. ಒಂದೂ ಹೋಗಿಲ್ಲ.”

ಮುಚ್ಚಳ ಬರಲಿಲ್ಲ. ಉಗುರು ಹಾಕಿ ಮೀಟಿ ತೆಗೆದ.

ಒಳಗೆ ಬೊಂಡಾಸು ಇರಲಿಲ್ಲ. ಒಂದು ಮುದ್ದೆ ಇತ್ತು. ಹಸಿರಿಗೆ ಕೆಂಪು ಇಳಿದು, ಕೆಂಪಿಗೆ ನೀಲಿ ಇಳಿದು, ಕಾಲಿಗೆ ಕಾಲು ಅಂಟಿ, ಡಬ್ಬಿಯ ತಳವೂ ಜಿಗುಟಾಗಿತ್ತು. ಬರೆದ ಕಣ್ಣೊಂದು ಎಲ್ಲೋ ಮೂಲೆಯಲ್ಲಿ ಉಳಿದಿತ್ತು.

ಶೇಟ್ ಅಲ್ಲೇ ಕುಸಿದು ಕೂತ.

“ಬೆಂಕಿ ಕಂಡಿಲ್ಲ, ಬಿಸಿಲು ಕಂಡಿಲ್ಲ. ಹೇಗೆ ಕರಗ್ತು?”

“ಮೆತ್ತನೆ ಪ್ಲಾಸ್ಟಿಕ್ಕು. ಗಟ್ಟಿ ಡಬ್ಬಿಯಲ್ಲಿ ಒಟ್ಟಿಗೆ ಮುಚ್ಚಿಟ್ರೆ ಡಬ್ಬೀನೂ ತಿಂತದೆ, ಒಂದನ್ನೊಂದೂ ತಿಂತದೆ.”

“ನೀವು ಹೇಳ್ಲೇ ಇಲ್ಲ!”

“ಡಬ್ಬಿ ಉಂಟು ಅಂತ ನೀವೂ ಹೇಳ್ಲಿಲ್ಲ.”

ಶೇಟ್ ಅತ್ತ. ಹೆಂಡತಿಯ ಬಳೆ ಕರಗಿಸಿದ ದಿನ ಅವನು ಅತ್ತಿರಲಿಲ್ಲ. ಅಂದು ಕೆಲಸ ಇತ್ತು. ಇಂದು ಕೆಲಸ ಇರಲಿಲ್ಲ.

ಗುರು ಅಳು ಮುಗಿಯುವವರೆಗೆ ಕಾದ. ಆಮೇಲೆ ಹೇಳಿದ: “ಒಲೆ ಹಚ್ಚಿ.”

“ಯಾಕೆ?”

“ಕರಗಿಸೋದು ನಿಮಗೆ ಗೊತ್ತುಂಟಲ್ಲ.”

ಡಬ್ಬಿಗೆ ಅಂಟಿದ್ದನ್ನು ಬಿಟ್ಟು ಉಳಿದ ಮುದ್ದೆಯನ್ನು ಶೇಟ್ ಚೂರು ಮಾಡಿ ಪಾತ್ರೆಗೆ ಹಾಕಿದ. ಬಣ್ಣಗಳೆಲ್ಲ ಸೇರಿ ಅಳಿವೆಯ ಕೆಸರಿನ ಬಣ್ಣವಾಯಿತು. ಗುರು ಕೋಲು ಒರೆಸಿ ಕೊಟ್ಟ. ಶೇಟ್ ಅದ್ದಿದ, ನಿಧಾನವಾಗಿ ಎತ್ತಿದ, ತಣಿಸಿದ, ಸುಲಿದ. ಕಾಲು ಸೀಳಿದ. ಗಾಳ ಅಡಗಿಸಿ ದಾರ ಕಟ್ಟಿದ. ಕುಂಚದ ನೆನಪು ಅವನಿಗೆ ಬರಲಿಲ್ಲ.

ಗುಳ್ಳೆ ಇಲ್ಲ. ಓರೆ ಇಲ್ಲ. ಅವನ ಕೈಯಿಂದ ಬಂದವುಗಳಲ್ಲಿ ಅದೇ ಒಳ್ಳೆಯದು. ಅದು ಅವನಿಗೂ ತಿಳಿಯಿತು.

“ಎಲ್ಲಿಗೆ ಎಸೀಲಿ?”

ಗುರು ಬಂಡೆಗಳ ಸಂದಿ ತೋರಿಸಿದ.

“ಅಲ್ಲಿ ಸಿಕ್ಕಿಕೊಳ್ತದೆ, ಗುರುಗಳೇ. ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ ಆಗ್ತದೆ.”

“ಮೀನು ಇರೋದೂ ಅಲ್ಲೇ.”

ಶೇಟ್ ಸ್ವಲ್ಪ ಹೊತ್ತು ಬೊಂಡಾಸನ್ನು ಅಂಗೈಯಲ್ಲಿ ಹಿಡಿದು ನಿಂತ. ಆಮೇಲೆ ಎಸೆದ.

ಅದು ನೆಟ್ಟಗೆ ಇಳಿಯಿತು. ದಾರ ಒಮ್ಮೆ ಅಲುಗಿತು, ಮತ್ತೆ ಜಗ್ಗಿತು. ಸಂದಿಯಲ್ಲಿ ಕೆಂಬೇರಿ ಮೀನಿನ ಕೆಂಪು ಬೆನ್ನೊಂದು ಹೊರಳಿತು, ದೊಡ್ಡದು. ಶೇಟ್ ಕೂಗಿದ. ಕಾಲೂರಿ ಎಳೆದ. ಮೀನು ಬಂಡೆಯ ಅಡಿಗೆ ನುಗ್ಗಿತು. ದಾರ ಬಂಡೆಗೆ ಉಜ್ಜಿ ತುಂಡಾಯಿತು.

ಶೇಟ್ ಮೊಣಕಾಲಿನವರೆಗೆ ನೀರಿನಲ್ಲಿ ನಿಂತಿದ್ದ. ತುಂಡು ದಾರ ಗಾಳಿಗೆ ಹಾರುತ್ತಿತ್ತು. ದುಃಖ ಬರುತ್ತದೆ ಎಂದು ಕಾದ. ಬರಲಿಲ್ಲ. ನಗು ಬಂತು.

ಅವನು ದಡ ಹತ್ತಿ ಬಂದ.

“ಎಷ್ಟು ಹೋದ್ವು?” ಗುರು ಕೇಳಿದ.

“ಒಂದು.”

ಗುರು ಕೋಲನ್ನು ಅವನ ಕೈಯಲ್ಲಿಟ್ಟ.

“ಪಾತ್ರೆ ಆರ್ತಾ ಉಂಟು. ಇನ್ನೊಂದು ಅದ್ದು, ಮಾರಾಯ.”