ಹಾಳೂರ ದಿಬ್ಬದ ಮಡಿಕೆ

ಪೂಜ್ಯ ಶ್ರೀ ಹೊನ್ನಯ್ಯ ತಾತನವರು ಆ ಬೇಸಿಗೆಯಲ್ಲಿ ನೆಲಗುಡಿ ಗ್ರಾಮದ ಹಾಳೂರ ದಿಬ್ಬದ ಬುಡದಲ್ಲಿ, ಒಂದು ಬೇವಿನ ನೆರಳಲ್ಲಿ ತಂಗಿದ್ದರು. ಎಂದೋ ಊರಾಗಿದ್ದು ಮಣ್ಣಾದ ದಿಬ್ಬವದು. ಯಾವ ಕಾಲದ ಊರೋ, ಆ ಶಿವನಿಗೇ ಗೊತ್ತು! ಮಳೆಗಾಲಕ್ಕೆ ಮೊದಲು ಹೆಣ್ಣುಮಕ್ಕಳು ಅಲ್ಲಿನ ಬಿಳಿ ಮಣ್ಣನ್ನು ಅಗೆದೊಯ್ದು ಮಾಳಿಗೆಗೆ ಹಾಕುತ್ತಿದ್ದರು. ಆ ಮಣ್ಣು ಬಿದ್ದರೆ ಮಾಳಿಗೆ ಸೋರುವುದಿಲ್ಲ.

ಒಂದು ಮಧ್ಯಾಹ್ನ ಏಳು ತಿಂಗಳ ಬಸುರಿ ಹುಲಿಗೆವ್ವ ಒಡಕು ಮಡಿಕೆಯೊಂದನ್ನು ಸೆರಗಿನಲ್ಲಿ ಅವುಚಿಕೊಂಡು ಬಂದು ತಾತನವರ ಮುಂದೆ ಕುಸಿದಳು. ಮಣ್ಣು ಅಗೆಯುವಾಗ ಅವಳ ಗುದ್ದಲಿಗೆ ಸಿಕ್ಕ ಮಡಿಕೆ. ಒಳಗೆ ಎಳೆಗೂಸಿನ ಎಲುಬು! ಹೋದ ವರ್ಷವಷ್ಟೇ ಅವಳ ಚೊಚ್ಚಲ ಹೆಣ್ಣುಕೂಸು ಒಂಬತ್ತನೇ ದಿನಕ್ಕೆ ತೀರಿಕೊಂಡಿತ್ತು. ಈಗ ಹೊಟ್ಟೆಯಲ್ಲಿರುವುದನ್ನೂ ಇದು ಕರೆದೊಯ್ದರೆ?

ಪಾಪ, ಬೆಳಗಿನಿಂದ ಅವಳಿಗೆ ದಿಕ್ಕೇ ತೋಚಿರಲಿಲ್ಲ. ಅತ್ತೆ ಹೊಳೆಗೆ ಬಿಡು ಎಂದಳು. ಪೂಜಾರಿ ದಾರಿ ಕೂಡುವಲ್ಲಿ ಹೂಳು ಎಂದ. ಗೌಡರು ಸುಟ್ಟುಬಿಡು ಎಂದರು. ಹೇಳುವವರಿಗೇನು, ಬಾಯಿಗೆ ಬಂದದ್ದು ಹೇಳಿ ಕೈ ತೊಳೆದುಕೊಂಡರು! ಬಿಸಾಡಲು ಅವಳಿಗೆ ಕೈ ಬಾರದು, ಇಟ್ಟುಕೊಳ್ಳಲು ಧೈರ್ಯ ಸಾಲದು. ಹೆದರಿಕೆಯೋ ಮರುಕವೋ ಅವಳಿಗೇ ತಿಳಿಯದು.

"ತಾತ, ಇದು ಯಾವ ದೆವ್ವರಿ? ನನ್ನ ಯಾಕ ಹಿಡಕೊಂತು?"

ತಾತನವರು ಎದ್ದು, ಅವಳು ಅಗೆದ ಕುಳಿಗೆ ಬಂದು ಕೈಯಿಂದ ಮಣ್ಣು ಸರಿಸಿದರು. ಬಡಿದು ಗಟ್ಟಿ ಮಾಡಿದ ನೆಲ ಕಂಡಿತು. ಪಕ್ಕದಲ್ಲಿ ಮೂರು ಕಲ್ಲು, ನಡುವೆ ಬೂದಿ. ಮಡಿಕೆ ಹಿಡಿದು ಹಿಂದೆಯೇ ಬಂದ ಹುಲಿಗೆವ್ವನಿಗೆ ಮೊದಲು ಏನೂ ಹೊಳೆಯಲಿಲ್ಲ. ಅಯ್ಯೋ, ಇದು ಒಲೆ!

"ಹೆತ್ತಾಕಿ ಒಲಿ ಬಾಜೂಕ ಇಟ್ಟಾಳವ್ವ, ಬೆಚ್ಚಗಿರಲಿ ಅಂತ," ಎಂದರು ತಾತನವರು. "ದೆವ್ವ ಅಲ್ಲ ಇದು. ಒಬ್ಬಾಕಿ ಕೂಸು."

ಹುಲಿಗೆವ್ವನ ದುಃಖ ಕಟ್ಟೆಯೊಡೆಯಿತು. ತನ್ನ ಸತ್ತ ಕೂಸನ್ನು ಮನೆಯವರು ಮಡಿಲಿನಿಂದ ಕಸಿದೊಯ್ದಿದ್ದರು, ಹಸಿಗೂಸಿಗೆಲ್ಲ ಅಳಬಾರದೆಂದು ಬಾಯಿ ಮುಚ್ಚಿಸಿದ್ದರು. ಈಕೆ ಯಾರೋ, ತನ್ನ ಕೂಸನ್ನು ಮನೆಯೊಳಗೇ ಇಟ್ಟುಕೊಂಡಿದ್ದಳಲ್ಲ! ಹೇಳಲು ನಾಚಿಕೆ, ಅವಳಿಗೆ ಹೊಟ್ಟೆಕಿಚ್ಚೇ ಬಂತು. ಅಳುತ್ತಲೇ ಮಡಿಕೆಯನ್ನು ಇದ್ದಲ್ಲಿಯೇ ಇಟ್ಟು ಮಣ್ಣೆಳೆದಳು.

"ನಿನ್ನ ಕೂಸಿನ ಹೆಸರೇನವ್ವ?"

"ಹೆಸರಿಡಾಕಿಂತ ಮೊದ್ಲ ಹೋತ್ರಿ, ತಾತ."

"ಈಗ ಇಡು."

ಸತ್ತ ಕೂಸಿಗೆ ಹೆಸರೇ? ಅವಳು ತಬ್ಬಿಬ್ಬಾಗಿ ನಿಂತಳು. ಕೊನೆಗೆ, ಮಣ್ಣು ತುಂಬುತ್ತಿದ್ದ ಹೆಂಗಸರೆಲ್ಲ ತಿರುಗಿ ನೋಡುವಂತೆ, "ಪಾರವ್ವಾ!" ಎಂದು ಕೂಗಿ ಕರೆದಳು.

ತಾತನವರ ದಯೆಯಿಂದ ಅವಳಿಗೆ ಮುಂದೆ ಗಂಡುಮಗು ಹುಟ್ಟಿ ಬೆಳೆಯಿತು. ಮಕ್ಕಳೆಷ್ಟು ಎಂದು ಯಾರು ಕೇಳಿದರೂ ಹುಲಿಗೆವ್ವನದು ಒಂದೇ ಮಾತು: "ಇಬ್ಬರು ಅದಾರ. ಹಿರಿಯಾಕಿ ಪಾರವ್ವ."