ಆಶ್ರಮದ ಪರವಾಗಿ ಡ್ಯಾಮಿಟ್

ಈ ಕಥೆಯನ್ನು ನನಗಿಂತ ಚೆನ್ನಾಗಿ ಹೇಳುವವರು ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ಅವರಿಗಿನ್ನೂ ಮಾತು ಬಂದಿಲ್ಲ. ಆದ್ದರಿಂದ ನನ್ನಿಂದಲೇ ಕೇಳಿ.

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಗುರುಗಳು ನಿರ್ವಾಣಯ್ಯನವರು. ಅವರು ಸಿಟ್ಟಾದದ್ದನ್ನು ಕಂಡವರಿಲ್ಲ. ಅವರ ಹತ್ತಿರ ಬಂದ ಸೊಳ್ಳೆಯೂ ಕಚ್ಚಲೋ ಬೇಡವೋ ಎಂದು ಯೋಚಿಸಿ, ಕೈಮುಗಿದು ಹೋಗುತ್ತಿತ್ತು.

ಶಿಷ್ಯ ಇಂದುಧರ. ಕಾನ್ವೆಂಟಿನಲ್ಲಿ ಓದಿದವನು. ಇದ್ದ ಕೆಲಸ ಬಿಟ್ಟು, ಇನ್ನು ಇಲ್ಲೇ ಇರುತ್ತೇನೆ ಎಂದು ಬಂದವನು. ಬೆಳಗಿನ ಜಾವ ಏಳುವುದನ್ನು ಕಲಿತ. ನೆಲದ ಮೇಲೆ ಮಲಗುವುದನ್ನು ಕಲಿತ. ಅಡುಗೆಯ ಸಂಕವ್ವ ಮಾಡುವ ಉಪ್ಪಿಲ್ಲದ ಸಾರು ಉಣ್ಣುವುದನ್ನೂ ಕಲಿತ. ಒಂದನ್ನು ಮಾತ್ರ ಬಿಡಲಾಗಲಿಲ್ಲ.

ಕಾಲಿಗೆ ಮುಳ್ಳು ಚುಚ್ಚಿದರೆ, "ಡ್ಯಾಮಿಟ್!"

ಕೈಯಿಂದ ಕೊಡ ಜಾರಿದರೆ, "ಓ ಶಿಟ್!"

ಧ್ಯಾನದಲ್ಲಿ ಮೂಗಿನ ಮೇಲೆ ನೊಣ ಕೂತರೆ, "ಫಾರ್ ಗಾಡ್ಸ್ ಸೇಕ್!"

ಧ್ವನಿಯೂ ಸಾಮಾನ್ಯದ್ದಲ್ಲ. ಆಚೆ ದಡದಲ್ಲಿ ಬಾಯಿ ತೆರೆದು ಬಿಸಿಲು ಕಾಯಿಸುತ್ತಿದ್ದ ಮೊಸಳೆ ಆ ಸದ್ದಿಗೆ ಪಟ್ಟನೆ ಬಾಯಿ ಮುಚ್ಚುತ್ತಿತ್ತು. ನಂಬದಿದ್ದರೆ ಮೊಸಳೆಯನ್ನೇ ಕೇಳಿ.

ಒಂದು ದಿನ ಮಂಗಳಾರತಿ. ಭಕ್ತರೆಲ್ಲ ಕಣ್ಣು ಮುಚ್ಚಿದ್ದರು. ಇಂದುಧರನ ಬೆರಳಿಗೆ ಕರ್ಪೂರದ ಬೆಂಕಿ ತಾಗಿತು.

"ಶಿಟ್!"

ಎಲ್ಲರ ಕಣ್ಣೂ ತೆರೆದವು.

ಹಿರಿಯ ಶಿಷ್ಯ ಮರುಳಯ್ಯ ಗುರುಗಳ ಮುಂದೆ ಬಂದು ನಿಂತ. "ಬುದ್ಧಿ, ಇಲ್ಲಿ ಇವನಿರಬೇಕು, ಇಲ್ಲವೇ ಮಂಗಳಾರತಿ ಇರಬೇಕು. ಎರಡೂ ಒಟ್ಟಿಗೆ ಆಗೋದಿಲ್ಲ."

ಇಂದುಧರ ತಲೆ ತಗ್ಗಿಸಿದ. "ನನಗೆ ಇಲ್ಲೇ ಇರಬೇಕು ಅಂತ ಆಸೆ ಗುರುಗಳೇ. ಆದರೆ ಬಾಯಿ ನನ್ನ ಮಾತು ಕೇಳಲ್ಲ."

"ಡ್ಯಾಮಿಟ್ ಅಂದ್ರೆ ಏನಪ್ಪ?" ಎಂದು ಗುರುಗಳು ಕೇಳಿದರು.

"ಹಾಳಾಗಿ ಹೋಗಲಿ ಅಂತ."

"ಇನ್ನೊಂದು?"

"ಅದು... ಸಗಣಿಯ ಜಾತಿಗೆ ಸೇರಿದ್ದು."

"ಸಗಣಿ ಒಳ್ಳೇದೇ ಅಲ್ವ, ನೆಲ ಸಾರಿಸಬಹುದು. ಹಾಗೆ ಅಂದ ಮೇಲೆ ನಿನಗೆ ಏನಾಗುತ್ತೆ?"

"ಎದೆ ಹಗುರ ಆಗುತ್ತೆ ಗುರುಗಳೇ."

"ಅಂಥ ವಸ್ತು ನೀನೊಬ್ಬನೇ ಇಟ್ಕೊಂಡರೆ ಹೇಗೆ? ನಮಗ್ಯಾರಿಗೂ ಇಂಗ್ಲಿಷ್ ಬರಲ್ಲ. ಇವತ್ತಿನಿಂದ ಇಲ್ಲಿ ಯಾರಿಗೆ ಏನು ಕೆಟ್ಟರೂ ನೀನೇ ಹೋಗಿ ಅವರ ಪರವಾಗಿ ಅನ್ನಬೇಕು. ಅದೇ ನಿನ್ನ ಸೇವೆ. ಸೇವೆ ನಡೆಯೋವರೆಗೂ ನೀನಿಲ್ಲಿರಬಹುದು."

ಮರುಳಯ್ಯನ ಬಾಯಿ ಮೊಸಳೆಯ ಬಾಯಿಯಂತೆ ತೆರೆದುಕೊಂಡಿತು.

ಮರುದಿನವೇ ಅಡುಗೆಮನೆಯಿಂದ ಕೂಗು. "ಏ ಇಂಗ್ಲಿಷ್ ಸ್ವಾಮಿ, ಓಡಿ ಬಾರೋ! ಹಾಲು ಉಕ್ಕಿ ಹೋತು!"

ಇಂದುಧರ ಓಡಿ ಬಂದ. "ಓ ಶಿಟ್!"

"ಇಷ್ಟೇನಾ?" ಎಂದಳು ಸಂಕವ್ವ. "ಅರ್ಧ ಪಾತ್ರೆ ಹಾಲು ಹೋಗೈತಿ. ಜೋರಾಗಿ ಅನ್ನು."

ಜೋರಾಗಿ ಅಂದ.

"ಹಾಂ, ಈಗ ಸಮಾಧಾನ ಆತು ನೋಡು."

ಸುದ್ದಿ ಹರಡಿತು. ದೋಣಿಯ ಹಗ್ಗ ಹರಿದವರು ಬಂದರು. ಎಮ್ಮೆಯಿಂದ ಒದೆಸಿಕೊಂಡವರು ಬಂದರು. ಲಂಡನ್ನಿನವರೂ ಬರುತ್ತಿದ್ದರು, ದೋಣಿಯಲ್ಲಿ ಜಾಗ ಸಾಲಲಿಲ್ಲ.

ಆದರೆ ಸಣ್ಣ ಕಷ್ಟಕ್ಕೆ ದೊಡ್ಡ ಮಾತು ಅಂದರೆ ಚೆನ್ನಾಗಿರುವುದಿಲ್ಲವಲ್ಲ. ಇಂದುಧರ ಮೊದಲು ವಿಚಾರಿಸತೊಡಗಿದ.

ಒಬ್ಬ ಮುದುಕ ಬಂದ. "ಕನ್ನಡಕ ಕಳೆದೈತಿ. ಒಂದು ಡ್ಯಾಮಿಟ್ ಹಾಕಪ್ಪ."

"ಕೊನೇ ಸಲ ಎಲ್ಲಿ ಕೂತಿದ್ರಿ ಯಜಮಾನ್ರೇ?"

"ಅರಳಿಕಟ್ಟೆ ಮೇಲೆ."

ಇಬ್ಬರೂ ಹೋಗಿ ಹುಡುಕಿದರು. ಕನ್ನಡಕ ಸಿಕ್ಕಿತು. ಹರಟುತ್ತ ವಾಪಸು ಬಂದರು. ಡ್ಯಾಮಿಟ್ ಅಲ್ಲೇ ಉಳಿಯಿತು.

ಮೊಣಕಾಲು ನೋವೆಂದು ಬಂದ ಅಜ್ಜಿಗೆ ಎಣ್ಣೆ ಕಾಯಿಸಿ ಕೊಟ್ಟ. ಅನ್ನುವುದನ್ನು ಮರೆತ. ಹಾಲು ಉಕ್ಕುವ ಮುಂಚೆ ತಾನೇ ಹೋಗಿ ಒಲೆಯ ಕಟ್ಟಿಗೆ ಹಿಂದಕ್ಕೆ ಎಳೆದ. ಅನ್ನಲು ಕಾರಣವೇ ಉಳಿಯಲಿಲ್ಲ.

"ಏನಪ್ಪ, ನಿನ್ನ ಸೇವೆ ನಿಂತೇ ಹೋಯ್ತಲ್ಲ?" ಎಂದು ಮರುಳಯ್ಯ ಕುಟುಕಿದ.

ಹೌದಲ್ಲ, ಎನಿಸಿತು ಇಂದುಧರನಿಗೆ. ಇದ್ದ ನಾಲ್ಕು ಬಟ್ಟೆಗಳನ್ನು ಪಂಚೆಯಲ್ಲಿ ಗಂಟು ಕಟ್ಟಿದ. ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದ ಗುರುಗಳ ಬಳಿಗೆ ಹೋದ. ಮರುಳಯ್ಯನೂ ಹಿಂದೆಯೇ ಬಂದ.

"ಕೊಟ್ಟ ಕೆಲಸ ನನ್ನಿಂದ ಆಗ್ತಿಲ್ಲ ಗುರುಗಳೇ. ಯಾರಾದರೂ ಕಷ್ಟ ಅಂತ ಬಂದರೆ ಕೇಳ್ತಾ ಕೂತುಬಿಡ್ತೀನಿ. ಅನ್ನಬೇಕಾದ್ದು ನಾಲಿಗೆಗೇ ಬರಲ್ಲ. ನೀವು ಹೇಳಿದಂತೆ ಹೊರಡ್ತೀನಿ."

ಆಶೀರ್ವಾದ ಮಾಡಲು ಗುರುಗಳು ಎದ್ದರು. ಮೆಟ್ಟಿಲ ತುಂಬ ಪಾಚಿ. ಜಾರಿ ಧೊಪ್ಪನೆ ಕೂತರು. ಕಾಲು ಉಳುಕಿತ್ತು.

ಇಂದುಧರ ಗಂಟು ಬಿಚ್ಚಿದ. ಬಟ್ಟೆಗಳು ಮೆಟ್ಟಿಲ ಮೇಲೆ ಚೆಲ್ಲಿದವು. ಪಂಚೆಯನ್ನು ನೀರಿನಲ್ಲಿ ಅದ್ದಿ ಹಿಂಡಿದ. ಗುರುಗಳ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಬೆರಳಿನಿಂದ ಒತ್ತಿ ನೋಡಿದ.

"ಡ್ಯಾಮಿಟ್!" ಎಂದರು ನಿರ್ವಾಣಯ್ಯನವರು.

ಮರುಳಯ್ಯ ಕಿವಿ ಮುಚ್ಚಿಕೊಂಡ. ಆಚೆ ದಡದಲ್ಲಿ ಮೊಸಳೆ ಬಾಯಿ ಮುಚ್ಚಿಕೊಂಡಿತು.

ಇಂದುಧರ ತಲೆ ಎತ್ತಲಿಲ್ಲ. "ಇಲ್ಲೇನಾ ಗುರುಗಳೇ?"

"ಅಲ್ಲೇ."

ಅವನು ಮೆಲ್ಲಗೆ ಪಂಚೆ ಸುತ್ತಿದ.

"ನಾನು ಅಂದದ್ದು ಕೇಳಿಸ್ತಾ?"

"ಕೇಳಿಸ್ತು."

"ಏನು ಕೇಳಿಸ್ತು?"

ಇಂದುಧರ ಪಂಚೆಯ ತುದಿಯನ್ನು ಒಳಗೆ ಸಿಕ್ಕಿಸಿದ. "ಇಲ್ಲಿ ನೋಯ್ತಿದೆ ಅಂತ ಕೇಳಿಸ್ತು."

ಗುರುಗಳು ಮರುಳಯ್ಯನ ಕಡೆ ನೋಡಿದರು. ಮರುಳಯ್ಯ ಬಗ್ಗಿ, ಚೆಲ್ಲಿದ್ದ ಬಟ್ಟೆಗಳನ್ನು ಒಂದೊಂದಾಗಿ ಎತ್ತಿ ಮಡಚತೊಡಗಿದ.

"ಹಾಗಾದರೆ ನಾನು ಹೊರಡಲಾ ಗುರುಗಳೇ?" ಎಂದ ಇಂದುಧರ.

ನಿರ್ವಾಣಯ್ಯನವರು ಕಾಲಿಗೆ ಸುತ್ತಿದ್ದ ಪಂಚೆಯನ್ನು ಮುಟ್ಟಿ ನೋಡಿಕೊಂಡರು.

"ಹೊರಡುವಿಯಂತೆ. ಗಂಟು ಕಟ್ಟೋಕೆ ನಿನಗೆ ಈ ಪಂಚೆ ಬೇಕಲ್ಲ. ಬಿಚ್ಚಿ ಕೊಡೋದರಲ್ಲಿ ನಾನು ಬಹಳ ನಿಧಾನ."